ಹತ್ತೇ ದಿನದಲ್ಲಿ ಬೂದಿಯಾದ ರೈಲು ಇವತ್ತಿಗೂ ಯಾಕೆ ಓಡ್ತಾ ಇದೆ?

ಇವತ್ತು ರಾಜಕೀಯ ಬೇಡ. ಯಾರು ಯಾವ ಪಕ್ಷಕ್ಕೆ ಹಾರಿದರು, ಯಾರ ಕುರ್ಚಿ ಅಲ್ಲಾಡ್ತಾ ಇದೆ, ಅದೆಲ್ಲ ನಾಳೆಯೂ ಇರುತ್ತೆ. ಇವತ್ತು ಒಂದು ಬೆಂಕಿಯ ಕಥೆ ಹೇಳ್ತೀನಿ.

1973ರ ಜನವರಿ 6. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಮಾಂಟೆರೇ ಅಂತ ಒಂದು ಸಮುದ್ರದಂಡೆಯ ಊರು. ಅಲ್ಲಿ ಜಾನ್ ಅಲೆನ್ ಎಂಬ 59 ವರ್ಷದ ಮನುಷ್ಯ ಹೃದಯಾಘಾತದಿಂದ ತೀರಿಕೊಂಡ. ಆತ ಮಂತ್ರಿಯಲ್ಲ, ಸಿನಿಮಾ ನಟನಲ್ಲ, ದೊಡ್ಡ ಉದ್ಯಮಿಯೂ ಅಲ್ಲ. ಫೋಟೋಗ್ರಾಫರ್ ಆಗಿದ್ದವನು. ಆತ ಸತ್ತು ಹತ್ತು ದಿನಕ್ಕೆ ಆತನ ಮನೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ನೆಲಮಾಳಿಗೆಯಲ್ಲಿ ಒಂದು ರೈಲ್ವೆ ಇತ್ತು. ಬೆಟ್ಟ, ಕಣಿವೆ, ಸೇತುವೆ, ಸುರಂಗ, ಊರುಗಳು, ಸ್ಟೇಷನ್ನುಗಳು, ಜನ, ಎಲ್ಲ ಇದ್ದ ರೈಲ್ವೆ. ಸುಮಾರು ಇಪ್ಪತ್ತು ವರ್ಷ ಒಬ್ಬ ಮನುಷ್ಯ ತನ್ನ ಕೈಯಿಂದ ಕಟ್ಟಿದ್ದು. ಅದರ ಬಹುಪಾಲು ಸುಟ್ಟುಹೋಯಿತು.

ಒಡೆಯ ಹೋದ. ಹಿಂದೆಯೇ ಒಡೆಯನ ಲೋಕವೂ ಹೋಯಿತು. ಕಥೆ ಮುಗೀತು ಅಂತೀರಾ? ಇಲ್ಲ. ಐವತ್ತು ವರ್ಷ ದಾಟಿದ ಮೇಲೂ ಪ್ರಪಂಚದ ಯಾವುದೇ ಮೂಲೆಯಲ್ಲಿ ಪುಟ್ಟ ರೈಲು ಕಟ್ಟುವ ಹವ್ಯಾಸಿಯ ಹತ್ತಿರ ಹೋಗಿ ಜಾನ್ ಅಲೆನ್ ಅಂತ ಹೆಸರು ಹೇಳಿ ನೋಡಿ. ಕ್ರಿಕೆಟ್ ಹುಚ್ಚಿರುವವರ ಮುಂದೆ ಬ್ರಾಡ್ಮನ್ ಹೆಸರು ಹೇಳಿದ ಹಾಗಾಗುತ್ತೆ. ರೈಲ್ವೆಯೇ ಇಲ್ಲ. ಅದನ್ನು ಕಣ್ಣಾರೆ ಕಂಡವರು ಎಲ್ಲೋ ಬೆರಳೆಣಿಕೆಯಷ್ಟು ಮಂದಿ. ಆದರೂ ಅದು ಓಡ್ತಾನೇ ಇದೆ. ಹೇಗೆ? ಇವತ್ತಿನ ಪ್ರಶ್ನೆ ಇಷ್ಟೇ.

ಮೊದಲು ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳೋಣ. ರೈಲು ಮಾದರಿ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಜಾತ್ರೆಯಲ್ಲಿ ಕೊಡಿಸುವ ಕೀ ರೈಲು. ಗರಗರ ಸುತ್ತುತ್ತೆ, ಎರಡು ದಿನಕ್ಕೆ ಸ್ಪ್ರಿಂಗ್ ಕಿತ್ತುಹೋಗುತ್ತೆ. ನಾನು ಹೇಳ್ತಾ ಇರೋದು ಅದಲ್ಲ. ದಸರಾ ಗೊಂಬೆ ಕೂರಿಸುವ ಮನೆಗಳಲ್ಲಿ ಮೆಟ್ಟಿಲ ಪಕ್ಕ ಮಕ್ಕಳು ಪಾರ್ಕು ಮಾಡ್ತಾರಲ್ಲ, ರಾಗಿ ಚೆಲ್ಲಿ ಪೈರು ಬರಿಸಿ, ಕನ್ನಡಿ ಇಟ್ಟು ಕೆರೆ ಮಾಡಿ, ಅದನ್ನು ನೆನಪು ಮಾಡ್ಕೊಳ್ಳಿ. ಆ ಪಾರ್ಕನ್ನು ಹತ್ತು ದಿನಕ್ಕೆ ಎತ್ತಿಡದೆ ಇಪ್ಪತ್ತು ವರ್ಷ ಬೆಳೆಸುತ್ತಾ ಹೋದರೆ ಏನಾಗುತ್ತೆ? ಲೆಕ್ಕಾಚಾರ ಬೇರೆ ಇರಬೇಕು. ಈ ಹವ್ಯಾಸದಲ್ಲಿ ಹೆಚ್ಚು ಜನ ಬಳಸುವ ಒಂದು ಅಳತೆಗೆ ಎಚ್‌ಒ ಅಂತ ಹೆಸರು. 87ಕ್ಕೆ 1. ಅಂದರೆ ನಿಜವಾದ ರೈಲಿನ 87 ಅಡಿ ಇಲ್ಲಿ ಒಂದೇ ಅಡಿ. ಆರಡಿ ಆಳು ಎರಡು ಸೆಂಟಿಮೀಟರ್ ಚಿಲ್ಲರೆ. ಆ ಎರಡು ಸೆಂಟಿಮೀಟರ್ ಮನುಷ್ಯನ ತಲೆ ಮೇಲಿನ ಟೊಪ್ಪಿಗೆಯೂ ಅದೇ ಲೆಕ್ಕದಲ್ಲಿ ಇರಬೇಕು. ಇದು ಮಕ್ಕಳಾಟವಾ? ನೀವೇ ಹೇಳಿ.

ಆದರೆ ಶುರುವಾಗಿದ್ದು ಮಕ್ಕಳಾಟದಿಂದಲೇ. ಅದನ್ನು ಮುಚ್ಚಿಡೋದು ಬೇಡ. 1891ರಲ್ಲಿ ಜರ್ಮನಿಯ ಮಾರ್ಕ್ಲಿನ್ ಕಂಪನಿ ಲೈಪ್ಸಿಗ್ ಮೇಳಕ್ಕೆ ಒಂದು ಕೀ ರೈಲು ತಂದಿತು. ವಿಶೇಷ ಇದ್ದದ್ದು ರೈಲಿನಲ್ಲಲ್ಲ, ಹಳಿಯಲ್ಲಿ. ಈ ವರ್ಷ ಒಂದಷ್ಟು ಹಳಿ ಕೊಳ್ಳಿ, ಮುಂದಿನ ವರ್ಷ ಇನ್ನೊಂದಷ್ಟು ಕೊಂಡು ಅದಕ್ಕೇ ಜೋಡಿಸಿ. ಆಟಿಕೆ ಬೆಳೆಯುತ್ತಾ ಹೋಗುತ್ತೆ. ಎಂಥ ವ್ಯಾಪಾರಿ ಬುದ್ಧಿ ನೋಡಿ!

ಹತ್ತು ವರ್ಷದ ನಂತರ ನ್ಯೂಯಾರ್ಕಿನಲ್ಲಿ ಜೋಶುವಾ ಲಯನಲ್ ಕೋವನ್ ಎಂಬ ಯುವಕ ಒಂದು ಐಡಿಯಾ ಮಾಡಿದ. ಅಂಗಡಿಯ ಕಿಟಕಿಯಲ್ಲಿ ಮೋಟಾರು ಹಾಕಿದ ಪುಟ್ಟ ಗಾಡಿಯೊಂದು ಹಳಿ ಮೇಲೆ ಸುತ್ತುತ್ತಾ ಇದ್ದರೆ ಬೀದಿಯಲ್ಲಿ ಹೋಗುವವರು ನಿಂತು ನೋಡ್ತಾರೆ, ಒಳಗಿನ ಸಾಮಾನು ಖರ್ಚಾಗುತ್ತೆ. ಲೆಕ್ಕ ಅರ್ಧ ಸರಿಯಾಯಿತು. ಜನ ನಿಂತು ನೋಡಿದರು, ಒಳಗೂ ಬಂದರು. ಬಂದವರು ಬೇರೆ ಸಾಮಾನು ಕೇಳಲಿಲ್ಲ, ಆ ಗಾಡಿಯನ್ನೇ ಕೇಳಿದರು! ಲಯನಲ್ ರೈಲಿನ ದೊಡ್ಡ ವ್ಯಾಪಾರ ಹೀಗೆ ಹುಟ್ಟಿತು. ಇಂಗ್ಲೆಂಡಿನಲ್ಲಿ ಮೆಕಾನೋ ಕಂಡುಹಿಡಿದ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ತನ್ನ ಹೆಸರಿನ ರೈಲುಗಳನ್ನು ತಂದ. ಒಂದಿಡೀ ತಲೆಮಾರಿನ ಹುಡುಗರು ಹಾರ್ನ್‌ಬಿ ಹಿಡಿದೇ ಬೆಳೆದರು.

ಇವರೆಲ್ಲ ರೈಲು ಮಾರಿದವರು. ನಾನು ಹೇಳಹೊರಟಿರೋದು ರೈಲು ಮಾರಿದವರ ಕಥೆಯನ್ನಲ್ಲ. ರೈಲು ಕಟ್ಟೋದನ್ನು ಕಲಿಸಿದವರ ಕಥೆ. ಇವೆರಡಕ್ಕೂ ಅಜಗಜಾಂತರ ಇದೆ.

1934. ಅಮೆರಿಕದಲ್ಲಿ ಆರ್ಥಿಕ ಮಹಾಕುಸಿತದ ಕಾಲ. ಕೆಲಸ ಇಲ್ಲ, ಕೈಯಲ್ಲಿ ಕಾಸಿಲ್ಲ. ಅಂಥ ಹೊತ್ತಿನಲ್ಲಿ ಮಿಲ್ವಾಕೀ ನಗರದಲ್ಲಿ ಮುದ್ರಣಾಲಯ ಇಟ್ಟುಕೊಂಡಿದ್ದ ಆಲ್ ಕಾಲ್ಮ್‌ಬಾಕ್ ಎಂಬಾತ ಒಂದು ಪತ್ರಿಕೆ ಶುರು ಮಾಡಿದ. ಹೆಸರು ಮಾಡೆಲ್ ರೈಲ್‌ರೋಡರ್. ಹೊಟ್ಟೆಗಿಲ್ಲದ ಕಾಲದಲ್ಲಿ ಪುಟ್ಟ ರೈಲಿಗೊಂದು ಪತ್ರಿಕೆ! ತಲೆ ಕೆಟ್ಟಿದೆ ಅಂದವರು ಎಷ್ಟು ಮಂದಿ ಇದ್ದಿರಬೇಕು? ಆದರೆ ಆತ ಒಂದು ಸತ್ಯ ಕಂಡುಕೊಂಡಿದ್ದ. ಅಮೆರಿಕದ ಉದ್ದಗಲಕ್ಕೂ ನೆಲಮಾಳಿಗೆಗಳಲ್ಲಿ, ಅಟ್ಟಗಳಲ್ಲಿ, ಗ್ಯಾರೇಜುಗಳಲ್ಲಿ ಒಬ್ಬೊಬ್ಬರೇ ಕೂತು ರೈಲು ಕಟ್ಟುತ್ತಿದ್ದಾರೆ. ಒಬ್ಬನಿಗೆ ಇನ್ನೊಬ್ಬ ಇದ್ದಾನೆ ಅಂತಲೇ ಗೊತ್ತಿಲ್ಲ. ನನ್ನ ಥರದ ಹುಚ್ಚ ನಾನೊಬ್ಬನೇ ಅಂತ ಪ್ರತಿಯೊಬ್ಬನೂ ಅಂದುಕೊಂಡಿದ್ದಾನೆ. ಪತ್ರಿಕೆ ಬಂತು. ಮರುವರ್ಷ, ಅಂದರೆ 1935ರಲ್ಲಿ, ಅದೇ ಮಿಲ್ವಾಕೀಯಲ್ಲಿ ಈ ಹುಚ್ಚರೆಲ್ಲ ಸೇರಿ ಒಂದು ರಾಷ್ಟ್ರೀಯ ಸಂಘ ಕಟ್ಟಿಕೊಂಡರು. ಮೊದಲು ಮಾಡಿದ ಕೆಲಸಗಳಲ್ಲೊಂದು ಅಳತೆ ನಿಗದಿ ಮಾಡಿದ್ದು. ಒಬ್ಬ ಮಾಡಿದ ಬೋಗಿ ಇನ್ನೊಬ್ಬನ ಹಳಿ ಮೇಲೆ ಓಡಬೇಕಲ್ಲ! ಚಕ್ರ ಇಷ್ಟು, ಹಳಿಯ ನಡುವಿನ ಅಂತರ ಇಷ್ಟು ಅಂತ ಎಲ್ಲರೂ ಒಪ್ಪಿಕೊಂಡರು. ಈ ಒಪ್ಪಂದ ಸಣ್ಣದು ಅನ್ನಿಸಬಹುದು. ಅದಿಲ್ಲದಿದ್ದರೆ ಇವತ್ತು ಈ ಹವ್ಯಾಸವೇ ಇರುತ್ತಿರಲಿಲ್ಲ.

ಆಮೇಲೆ ಬಂದ ಫ್ರಾಂಕ್ ಎಲಿಸನ್. ನ್ಯೂ ಆರ್ಲಿಯನ್ಸ್ ಊರಿನವನು. ಆತನ ರೈಲ್ವೆ ಹೆಸರು ಡೆಲ್ಟಾ ಲೈನ್ಸ್. ಅಲ್ಲಿಯವರೆಗೆ ಹವ್ಯಾಸಿಗಳಿಗೆ ಎಂಜಿನ್ ಮಾಡೋದೇ ದೊಡ್ಡ ಸಂಗತಿ. ಮಾಡಿ ಮುಗಿಸಿದ ಮೇಲೆ ಏನು ಮಾಡಬೇಕು ಅಂದರೆ ಉತ್ತರ ಇರಲಿಲ್ಲ. ಸುತ್ತಿಸೋದು. ಐದು ನಿಮಿಷ ಸುತ್ತಿಸಿದರೆ ಬೇಜಾರು. ಎಲಿಸನ್ 1940ರ ದಶಕದಲ್ಲಿ ಬರೆದ ಲೇಖನಮಾಲೆಯಲ್ಲಿ ಒಂದು ಮಾತು ಹೇಳಿದ. ಸ್ವಾಮಿ, ಇದನ್ನು ನಾಟಕ ಅಂತ ನೋಡಿ ಅಂದ. ಬೆಟ್ಟ, ಊರು, ಹಳಿ ಇವೆಲ್ಲ ರಂಗಸಜ್ಜಿಕೆ. ರೈಲುಗಳು ಪಾತ್ರಧಾರಿಗಳು. ವೇಳಾಪಟ್ಟಿಯೇ ಕಥೆ.

ಇದರ ಅರ್ಥ ಏನು ಗೊತ್ತಾ? ಒಂದು ಗೂಡ್ಸ್ ಗಾಡಿ ಹೊರಟಿದೆ. ಎದುರಿನಿಂದ ಪ್ಯಾಸೆಂಜರ್ ಬರ್ತಾ ಇದೆ. ಇರೋದು ಒಂದೇ ಹಳಿ. ಪ್ಯಾಸೆಂಜರ್ ಬರೋದರೊಳಗೆ ಗೂಡ್ಸ್ ಗಾಡಿ ಲೂಪ್ ಲೈನಿಗೆ ಸರಿಯಬೇಕು. ಅಷ್ಟರಲ್ಲಿ ಕಾರ್ಖಾನೆಗೆ ಎರಡು ವ್ಯಾಗನ್ ಬಿಟ್ಟು, ತುಂಬಿದ ಒಂದನ್ನು ತಗೊಂಡು ಬರಬೇಕು. ಸಮಯ ಸಾಲುತ್ತಾ? ಉಸಿರು ಬಿಗಿ ಹಿಡಿದುಕೊಳ್ಳೋ ಹಾಗಾಗುತ್ತೆ. ನಮ್ಮಲ್ಲಿ ಕ್ರಾಸಿಂಗ್‌ಗೆ ಅಂತ ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ರೈಲು ಮುಕ್ಕಾಲು ಗಂಟೆ ನಿಂತಾಗ ನಾವು ಬೈಕೊಳ್ತೀವಲ್ಲ, ಆ ನಿಲುಗಡೆಯ ಹಿಂದೆ ಒಬ್ಬ ಸ್ಟೇಷನ್ ಮಾಸ್ಟರ್ ತಲೆಬಿಸಿ ಇರುತ್ತೆ. ಆ ತಲೆಬಿಸಿಯಲ್ಲೇ ಎಲಿಸನ್ ರಸ ಕಂಡ. ಅಂದಿನಿಂದ ಪುಟ್ಟ ರೈಲು ಸುಮ್ಮನೆ ಸುತ್ತೋದು ಬಿಟ್ಟು ಎಲ್ಲಿಗೋ ಹೋಗಲು ಶುರು ಮಾಡಿತು.

ಈಗ ಜಾನ್ ಅಲೆನ್ ಕಡೆಗೆ ಬರೋಣ.

1913ರಲ್ಲಿ ಹುಟ್ಟಿದವನು. ದೇಹ ಗಟ್ಟಿಯಲ್ಲ, ಹೃದಯ ಮೊದಲಿಂದಲೂ ದುರ್ಬಲ. ಕಸುಬು ಫೋಟೋಗ್ರಫಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಾಂಟೆರೇಗೆ ಬಂದು ನೆಲೆಸಿದ. ಅಲ್ಲಿ ಒಂದು ಪುಟ್ಟ ರೈಲ್ವೆ ಕಟ್ಟಿದ. ಅದಕ್ಕೆ ಇಟ್ಟ ಹೆಸರು ಗೋರಿ ಆಂಡ್ ಡಿಫೀಟೆಡ್. ಇಂಗ್ಲಿಷಿನಲ್ಲಿ ಓದಿದರೆ ಯಾವುದೋ ಎರಡು ಊರಿನ ಹೆಸರಿನ ಹಾಗೆ ವಿಚಿತ್ರ ಕಾಗುಣಿತ. ಬಾಯಿಬಿಟ್ಟು ಹೇಳಿದರೆ ರಕ್ತಸಿಕ್ತವಾಗಿ ಸೋತದ್ದು ಅಂತ ಅರ್ಥ! ಆತನ ಬೆಟ್ಟಸಾಲಿನ ಹೆಸರು ಅಕಿನ್‌ಬ್ಯಾಕ್. ಜೋರಾಗಿ ಹೇಳಿಕೊಳ್ಳಿ. ಬೆನ್ನುನೋವು ಅಂತ ಕೇಳಿಸುತ್ತೆ. ಅಷ್ಟು ಬೆಟ್ಟ ಕಟ್ಟಿದವನಿಗೆ ಬೆನ್ನು ನೋಯದೆ ಇರುತ್ತಾ?

ಆತನ ಶಂಟಿಂಗ್ ಯಾರ್ಡಿನಲ್ಲಿ ವ್ಯಾಗನ್ ಎಳೆಯಲು ಒಂದು ಡೈನೋಸಾರ್ ಇತ್ತು. ಸ್ಟೆಗೊಸಾರಸ್ ಜಾತಿಯದು, ಹೆಸರು ಎಮ್ಮಾ. ಮಿಕ್ಕಿದ್ದೆಲ್ಲ ಅಷ್ಟು ನೈಜವಾಗಿದ್ದ ಲೋಕದಲ್ಲಿ ಒಂದು ಡೈನೋಸಾರ್ ಸರಕು ಎಳೀತಾ ಇದ್ದರೆ ನೋಡುವವನು ಮೊದಲು ನಗ್ತಾನೆ. ಆಮೇಲೆ, ಮಿಕ್ಕಿದ್ದನ್ನೆಲ್ಲ ನಾನು ನಿಜ ಅಂತ ನಂಬಿಬಿಟ್ಟಿದ್ದೆನಲ್ಲ ಅಂತ ಬೆಚ್ಚಿಬೀಳ್ತಾನೆ.

ಆ ನಂಬಿಕೆ ಬರಿಸಿದ್ದು ಹೇಗೆ? ಇಲ್ಲಿದೆ ಫೋಟೋಗ್ರಾಫರ್ ಕಣ್ಣಿನ ಕರಾಮತ್ತು. ಆಗಿನ ಕಾಲದ ಮಾದರಿಗಳೆಲ್ಲ ಫಳಫಳ ಹೊಳೀತಿದ್ದವು, ಅಂಗಡಿಯಿಂದ ಈಗಷ್ಟೇ ತಂದ ಹಾಗೆ. ಅಲೆನ್ ಕೇಳಿಕೊಂಡ ಪ್ರಶ್ನೆ ಒಂದೇ. ನಿಜವಾದ ರೈಲು ಎಲ್ಲಿ ಹೊಳೆಯುತ್ತೆ? ಹೊಗೆ ಕುಡಿದು ಕಪ್ಪಾಗಿರುತ್ತೆ, ಮಳೆಗೆ ತುಕ್ಕು ಹಿಡಿದಿರುತ್ತೆ, ಧೂಳು ಮೆತ್ತಿರುತ್ತೆ. ಹೊಸ ಎಂಜಿನ್ ತಂದು ಅದಕ್ಕೆ ತುಕ್ಕು ಬಳಿದ, ಮಸಿ ಬಳಿದ. ಹೊಸ ಮನೆ ಮಾಡಿ ಅದರ ಹಲಗೆ ಸವೆಸಿದ. ಇವತ್ತು ಪ್ರತಿಯೊಬ್ಬ ಹವ್ಯಾಸಿಯೂ ಇದನ್ನು ಮಾಡ್ತಾನೆ. ಆವತ್ತು ದುಡ್ಡು ಕೊಟ್ಟು ತಂದ ಹೊಸ ಸಾಮಾನನ್ನು ಹಾಳು ಮಾಡೋದಕ್ಕೆ ಎದೆಗಾರಿಕೆ ಬೇಕಿತ್ತು.

ಇನ್ನೊಂದು, ಜಾಗ. ಎಷ್ಟು ದೊಡ್ಡ ಕೋಣೆಯಾದರೂ ಅದಕ್ಕೆ ಗೋಡೆ ಇದ್ದೇ ಇರುತ್ತೆ. ಅಲೆನ್ ಕನ್ನಡಿ ಇಟ್ಟ. ಎಲ್ಲಿ ಇಟ್ಟಿದ್ದಾನೆ ಅಂತ ಗೊತ್ತಾಗದ ಹಾಗೆ ಇಟ್ಟ. ಒಂದು ಬೀದಿ ಎರಡು ಪಟ್ಟು ಉದ್ದವಾಯಿತು. ದೂರದ ಮನೆ, ಮರಗಳನ್ನು ಬೇಕಂತಲೇ ಸಣ್ಣ ಅಳತೆಯಲ್ಲಿ ಮಾಡಿದ. ಗೋಡೆಗೆ ತಾಗಿರೋದು ಮೈಲಿ ದೂರದಲ್ಲಿದೆ ಅನ್ನಿಸಿತು. ಬೇರೆಯವರ ಬೆಟ್ಟ ಮೇಜಿನ ಮೇಲಿಂದ ಶುರುವಾಗ್ತಿತ್ತು. ಈತನ ಕಣಿವೆ ನೆಲದಿಂದಲೇ ಶುರುವಾಗಿ ಬೆಟ್ಟ ಸೂರಿನ ಕಡೆಗೆ ಏರುತ್ತಿತ್ತು. ನೋಡಲು ಬಂದವನು ಆ ಕಣಿವೆಯ ಒಳಗೇ ನಿಂತಿರುತ್ತಿದ್ದ.

ಎರಡು ಸಲ ಕಟ್ಟಿ, ಮೂರನೇ ಸಲ ದೊಡ್ಡ ನೆಲಮಾಳಿಗೆಯಿದ್ದ ಮನೆಯಲ್ಲಿ ಕಟ್ಟಲು ಕೂತ. 1950ರ ದಶಕದ ಮೊದಲ ಭಾಗ ಅದು. ಮೊದಲ ಸಲ ಕಟ್ಟಿದ ಪುಟ್ಟ ಭಾಗವನ್ನು ಎಸೆಯಲಿಲ್ಲ. ಹೊಸದರ ಒಂದು ಮೂಲೆಯಲ್ಲಿ ಹಾಗೇ ಸೇರಿಸಿಕೊಂಡ. ತಾನು ಎಲ್ಲಿಂದ ಬಂದೆ ಅನ್ನೋದನ್ನು ಮರೆಯಲಿಲ್ಲ.

ಈಗ ಮುಖ್ಯ ಮಾತು. ಇಷ್ಟೆಲ್ಲ ಮಾಡಿ ಬಾಗಿಲು ಹಾಕಿಕೊಂಡು ಒಬ್ಬನೇ ಕೂತಿದ್ದರೆ ಏನಾಗ್ತಿತ್ತು? 1973ರ ಆ ಬೆಂಕಿ ಎಲ್ಲವನ್ನೂ ನುಂಗಿಬಿಡ್ತಿತ್ತು. ನಾನು ಇವತ್ತು ಈ ಕಥೆ ಹೇಳ್ತಾನೇ ಇರಲಿಲ್ಲ. ಅಲೆನ್ ಹಾಗೆ ಮಾಡಲಿಲ್ಲ. ಫೋಟೋ ತೆಗೆದ. ಪತ್ರಿಕೆಗೆ ಬರೆದ. ತುಕ್ಕು ಹೇಗೆ ಬಳಿದೆ, ಕನ್ನಡಿ ಎಲ್ಲಿಟ್ಟೆ, ಒಂದೂ ಬಚ್ಚಿಡದೆ ಹೇಳಿದ. ವಾರ್ನಿ ಎಂಬ ಮಾದರಿ ರೈಲಿನ ಕಂಪನಿಯ ಜಾಹೀರಾತುಗಳಿಗೂ ಆತನ ಫೋಟೋಗಳೇ. ಆ ಜಾಹೀರಾತು ನೋಡಲಿಕ್ಕೇ ಪತ್ರಿಕೆ ಬಿಡಿಸುವವರಿದ್ದರು. ಗೆಳೆಯರನ್ನು ಮನೆಗೆ ಕರೆದು, ಒಬ್ಬೊಬ್ಬರ ಕೈಗೆ ಒಂದೊಂದು ಕೆಲಸ ಕೊಟ್ಟು, ಎಲಿಸನ್ ಹೇಳಿದ ಹಾಗೆ ವೇಳಾಪಟ್ಟಿ ಹಿಡಿದು ರೈಲು ಓಡಿಸಿದ. ಸಾಯುವುದಕ್ಕೆ ಒಂದೆರಡು ತಿಂಗಳ ಮೊದಲು, 1972ರ ನವೆಂಬರ್ ಸಂಚಿಕೆಯಲ್ಲಿ, ಟೈಮ್‌ಸೇವರ್ ಎಂಬ ಒಂದು ಶಂಟಿಂಗ್ ಒಗಟನ್ನು ಪ್ರಕಟಿಸಿದ. ಒಂದು ಹಲಗೆ, ಕೆಲವು ಕವಲು ಹಳಿ, ಒಂದು ಎಂಜಿನ್, ನಾಲ್ಕಾರು ವ್ಯಾಗನ್. ಆದಷ್ಟು ಬೇಗ ಆಯಾ ವ್ಯಾಗನನ್ನು ಆಯಾ ಜಾಗಕ್ಕೆ ಸೇರಿಸಬೇಕು, ಅಷ್ಟೇ. ಇದಕ್ಕೆ ನೆಲಮಾಳಿಗೆ ಬೇಡ, ಶ್ರೀಮಂತಿಕೆ ಬೇಡ. ಸಣ್ಣ ಬಾಡಿಗೆ ಮನೆಯಲ್ಲಿರುವವನೂ ಆಡಬಹುದು. ಇವತ್ತಿಗೂ ಆಡ್ತಾರೆ. ಕಂಪ್ಯೂಟರಿನಲ್ಲೂ ಆಡ್ತಾರೆ.

ಅದಕ್ಕೇ ಹೇಳಿದ್ದು, ಬೆಂಕಿಗೆ ಸಿಕ್ಕಿದ್ದು ಮರ, ಪ್ಲಾಸ್ಟರು, ಲೋಹ ಮಾತ್ರ. ಉಳಿದದ್ದೆಲ್ಲ ಅಷ್ಟು ಹೊತ್ತಿಗೆ ಸಾವಿರಾರು ಜನರ ತಲೆಯೊಳಗೆ ಹೋಗಿ ಕೂತುಬಿಟ್ಟಿತ್ತು.

ಅದನ್ನು ಅಲ್ಲಿಗೆ ತಲುಪಿಸಿದ್ದರಲ್ಲಿ ಇನ್ನೊಬ್ಬನ ಪಾಲಿದೆ. ಲಿನ್ ವೆಸ್ಟ್‌ಕಾಟ್. ಅಲೆನ್ ಹುಟ್ಟಿದ ವರ್ಷವೇ ಹುಟ್ಟಿದವನು, ಮಾಡೆಲ್ ರೈಲ್‌ರೋಡರ್ ಪತ್ರಿಕೆಯ ಸಂಪಾದಕ. ಇವನು ಮಾಯಗಾರನಲ್ಲ, ಮೇಷ್ಟ್ರು. ಎಲ್ಲರಿಗೂ ಅಲೆನ್ ಥರ ಕೈಚಳಕ ಇರೋದಿಲ್ಲ ಅಂತ ಇವನಿಗೆ ಗೊತ್ತಿತ್ತು. ಸಾಮಾನ್ಯ ಜನ ಮೊದಲು ಎಲ್ಲಿ ಎಡವುತ್ತಾರೆ? ಮೇಜಿನಲ್ಲಿ! ಮರದ ಚೌಕಟ್ಟು ವಾರೆಯಾದರೆ ಹಳಿ ವಾರೆ, ಹಳಿ ವಾರೆಯಾದರೆ ರೈಲು ಬೀಳುತ್ತೆ. ಮರಗೆಲಸ ಬಾರದವನೂ ಗಟ್ಟಿಯಾಗಿ ಕಟ್ಟಬಹುದಾದ, ಆಮೇಲೆ ಹಳಿ ಬೇರೆ ಕಡೆ ತಿರುಗಿಸಬೇಕು ಅನ್ನಿಸಿದರೆ ಸುಲಭವಾಗಿ ಬದಲಾಯಿಸಬಹುದಾದ ಒಂದು ಚೌಕಟ್ಟಿನ ವಿಧಾನವನ್ನು ವೆಸ್ಟ್‌ಕಾಟ್ ರೂಪಿಸಿದ. ಎಲ್ ಗರ್ಡರ್ ಅಂತ ಅದರ ಹೆಸರು. ಎರಡು ಪಟ್ಟಿಯನ್ನು ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ಜೋಡಿಸೋದು. ಇಷ್ಟು ಸರಳ. ನೂರೊಂದು ಹಳಿನಕ್ಷೆಗಳನ್ನು ಸೇರಿಸಿ 1956ರಲ್ಲಿ ಒಂದು ಪುಸ್ತಕ ತಂದ. ಅದನ್ನು ಎದುರಿಗಿಟ್ಟುಕೊಂಡು ಮೊದಲ ಹಳಿ ಹಾಕಿದವರು ಎಷ್ಟೋ ಮಂದಿ.

ಈ ವೆಸ್ಟ್‌ಕಾಟ್ ತನ್ನ ಕೊನೆಗಾಲದಲ್ಲಿ ಹಚ್ಚಿಕೊಂಡ ಕೆಲಸ ಏನು ಗೊತ್ತಾ? ಜಾನ್ ಅಲೆನ್ ಬಗ್ಗೆ ಪುಸ್ತಕ. ಸುಟ್ಟುಹೋದ ರೈಲ್ವೆಯನ್ನು ಕಾಗದದ ಮೇಲೆ ಮತ್ತೆ ಕಟ್ಟೋದು. ಫೋಟೋ, ನಕ್ಷೆ, ಬರಹಗಳನ್ನೆಲ್ಲ ಒಟ್ಟುಗೂಡಿಸಿದ. ಪುಸ್ತಕ ಹೊರಬಂದದ್ದು 1981ರಲ್ಲಿ. ವೆಸ್ಟ್‌ಕಾಟ್ 1980ರಲ್ಲೇ ತೀರಿಕೊಂಡಿದ್ದ. ಕಟ್ಟಿದವನೂ ಇಲ್ಲ, ಬರೆದವನೂ ಇಲ್ಲ. ಪುಸ್ತಕ ಇದೆ. ಅದನ್ನು ಓದಿ ಹೊಸದಾಗಿ ಕಟ್ಟಲು ಕೂತವರು ಇದ್ದಾರೆ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಜಾರ್ಜ್ ಸೆಲಿಯೋಸ್ ಎಂಬಾತ ಕಟ್ಟಿದ ಹಳೇ ಕಾಲದ ನಗರದ ರೈಲ್ವೆ ಇವತ್ತು ಜಗತ್ಪ್ರಸಿದ್ಧ. ಆತ ಗುರು ಅಂತ ತೋರಿಸೋದು ಅಲೆನ್ ಕಡೆಗೇ.

ಎಲ್ಲರೂ ಅಲೆನ್ ಹಾದಿಯನ್ನೇ ಹಿಡಿದರಾ? ಇಲ್ಲ. ಅಲ್ಲೇ ಇರೋದು ಮಜಾ. ಓಹಾಯೋ ರಾಜ್ಯದ ಆಲನ್ ಮೆಕ್ಲೆಲ್ಯಾಂಡ್ ಬೇರೆ ಮಾತು ಹೇಳಿದ. ಕಣಿವೆ, ಮಾಯಾಲೋಕ ಎಲ್ಲ ಸರಿ, ಆದರೆ ನಿಮ್ಮ ರೈಲು ಬರೋದು ಎಲ್ಲಿಂದ? ಹೋಗೋದು ಎಲ್ಲಿಗೆ? ಕೋಣೆಯಲ್ಲಿ ಕಾಣೋದು ರೈಲ್ವೆಯ ಒಂದು ತುಂಡು ಮಾತ್ರ, ಮಿಕ್ಕಿದ್ದು ಗೋಡೆಯಾಚೆ ಇದೆ ಅಂತ ಭಾವಿಸಿ, ಹೊರಗಿನ ನಿಜವಾದ ಊರುಗಳಿಗೆ ಸಂಬಂಧ ಕಲ್ಪಿಸಿ ಅಂದ. ಆತನ ವರ್ಜೀನಿಯನ್ ಆಂಡ್ ಓಹಾಯೋ ಕಲ್ಪನೆಯ ರೈಲ್ವೆಯೇ. ಆದರೆ ಕಲ್ಲಿದ್ದಲು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅನ್ನೋ ಲೆಕ್ಕ ಮಾತ್ರ ಪಕ್ಕಾ. ಒಂದೇ ಮೂಲೆಯನ್ನು ಹತ್ತು ವರ್ಷ ತಿದ್ದುತ್ತಾ ಕೂರಬೇಡಿ, ಎಲ್ಲ ಕಡೆ ಸಾಕೆನ್ನುವಷ್ಟು ಚೆನ್ನಾಗಿ ಮಾಡಿ ಮುಂದಕ್ಕೆ ಹೋಗಿ ಅಂತಲೂ ಹೇಳಿದ. ಪರಿಪೂರ್ಣತೆ ಅಂತ ಕೂತು ಏನನ್ನೂ ಮುಗಿಸದ ನಮ್ಮಂಥವರಿಗೆ ಕಿವಿ ಹಿಂಡಿದ ಹಾಗಲ್ವಾ ಇದು?

ಇನ್ನು ಇಂಗ್ಲೆಂಡಿಗೆ ಹೋಗೋಣ. ಅಲ್ಲೂ ಇದೇ ಕಥೆ, ಆದರೆ ಕೊನೆ ಬೇರೆ. ಲಂಡನ್ನಿನ ಜಾನ್ ಅಹರ್ನ್ 1930ರ ದಶಕದ ಕೊನೆಯಲ್ಲಿ ಮ್ಯಾಡರ್ ವ್ಯಾಲಿ ಎಂಬ ಕಲ್ಪನೆಯ ರೈಲ್ವೆ ಕಟ್ಟಲು ಶುರು ಮಾಡಿದ. ರೈಲಿನ ಜೊತೆ ಅದು ಹಾದುಹೋಗುವ ಹಳ್ಳಿಯನ್ನೂ ಅಷ್ಟೇ ಅಕ್ಕರೆಯಿಂದ ಕಟ್ಟಿದ ಮೊದಲಿಗರಲ್ಲಿ ಆತ ಒಬ್ಬ. ಕಟ್ಟಡ ಮಾಡೋದು ಹೇಗೆ, ಭೂದೃಶ್ಯ ಮಾಡೋದು ಹೇಗೆ ಅಂತ ಪುಸ್ತಕಗಳನ್ನೂ ಬರೆದ. ಆತನ ರೈಲ್ವೆ ಸುಟ್ಟುಹೋಗಲಿಲ್ಲ. ಆಕ್ಸ್‌ಫರ್ಡ್‌ಶೈರ್‌ನ ಪೆಂಡನ್ ಎಂಬ ವಸ್ತುಸಂಗ್ರಹಾಲಯದಲ್ಲಿ ಇವತ್ತಿಗೂ ಇದೆ.

ಆ ಪೆಂಡನ್ ಹುಟ್ಟಿದ ಕಥೆ ನನಗೆ ತುಂಬಾ ಇಷ್ಟ. ರಾಯ್ ಇಂಗ್ಲೆಂಡ್ ಎಂಬ ಆಸ್ಟ್ರೇಲಿಯಾದ ಹುಡುಗ 1925ರಲ್ಲಿ ಬ್ರಿಟನ್ನಿಗೆ ಬಂದ. ಹೆಸರಲ್ಲೇ ಇಂಗ್ಲೆಂಡ್! ವೈಟ್ ಹಾರ್ಸ್ ಕಣಿವೆಯ ಹಳ್ಳಿಗಳನ್ನು ನೋಡಿ ಮನಸೋತ. ಹುಲ್ಲಿನ ಸೂರು, ಹಳೇ ಗೋಡೆ, ಕೈತೋಟ. ಆದರೆ ಕಣ್ಣೆದುರೇ ಒಂದೊಂದಾಗಿ ಮನೆಗಳು ಬದಲಾಗ್ತಾ ಇದ್ದವು. ಹುಲ್ಲು ಹೋಗಿ ಶೀಟು ಬರ್ತಿತ್ತು. ತಡೆಯೋದಕ್ಕೆ ಇವನ್ಯಾರು? ಇವನಿಗೆ ಅಧಿಕಾರ ಇಲ್ಲ, ದುಡ್ಡಿಲ್ಲ. ಹಾಗಾಗಿ ಒಂದು ತೀರ್ಮಾನ ಮಾಡಿದ. ಇವು ಪೂರ್ತಿ ಅಳಿದು ಹೋಗೋ ಮೊದಲು ಅಳತೆ ತಗೋತೀನಿ, ಫೋಟೋ ತಗೋತೀನಿ, 76ಕ್ಕೆ 1 ಲೆಕ್ಕದಲ್ಲಿ ಹಾಗೇ ಕಟ್ಟಿಡ್ತೀನಿ ಅಂದ. 1954ರಲ್ಲಿ ಪೆಂಡನ್ ಶುರುವಾಯಿತು. ಸ್ವಯಂಸೇವಕರು ಸೇರಿಕೊಂಡರು. ಆತ ಹೋದ ಮೇಲೂ ಆ ಕೆಲಸ ನಡೀತಾ ಇದೆ. ಆಟ ಅಂತ ಶುರುವಾದದ್ದು ಕೊನೆಗೆ ಚರಿತ್ರೆಯ ದಾಖಲೆ ಆಯಿತು.

ನಮ್ಮ ದೇಶದಲ್ಲೂ ಇಂಥವರಿದ್ದಾರೆ. ಪುಣೆಯ ಕೋಥ್‌ರುಡ್‌ನಲ್ಲಿ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಇದೆ. ಭಾವುಸಾಹೇಬ್ ಜೋಶಿಯವರು ತಮ್ಮ ಹವ್ಯಾಸವನ್ನು ಬೆಳೆಸುತ್ತಾ ಹೋಗಿ 1998ರಲ್ಲಿ ಸಾರ್ವಜನಿಕರಿಗೆ ತೆರೆದುಕೊಟ್ಟರು. ಪುಣೆಗೆ ಹೋದಾಗ ಮಕ್ಕಳನ್ನು ಕರ್ಕೊಂಡು ಹೋಗಿ. ದೊಡ್ಡವರೇ ಹೊರಗೆ ಬರೋಕೆ ತಡ ಮಾಡ್ತಾರೆ, ನೋಡ್ತಾ ಇರಿ.

ಈಗ ಯಾರಾದರೂ ಕೇಳಿಯೇ ಕೇಳ್ತೀರಿ. ಸರಿ ಸ್ವಾಮಿ, ಇದರಿಂದ ಏನು ಉಪಯೋಗ? ನಮ್ಮ ಮನೆಗಳಲ್ಲಿ ಯಾವುದೇ ಹವ್ಯಾಸಕ್ಕೆ ಬೀಳುವ ಮೊದಲ ಏಟು ಇದೇ. ಇದರಿಂದ ಮಾರ್ಕ್ಸ್ ಬರುತ್ತಾ? ಸಂಬಳ ಬರುತ್ತಾ?

ಇದಕ್ಕೆ ನನ್ನ ಹತ್ತಿರ ಒಂದು ಬಾಯಿ ಮುಚ್ಚಿಸುವ ಉತ್ತರ ಇದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1940ರ ದಶಕದಿಂದ ಒಂದು ರೈಲು ಮಾದರಿ ಕ್ಲಬ್ ಇತ್ತು. ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್. ಕೆಲವು ಹುಡುಗರಿಗೆ ಮೇಜಿನ ಮೇಲಿನ ರೈಲು, ಊರು ಇಷ್ಟ. ಇನ್ನು ಕೆಲವರಿಗೆ ಮೇಜಿನ ಕೆಳಗಿನ ತಂತಿಗಳು ಇಷ್ಟ. ಟೆಲಿಫೋನ್ ಎಕ್ಸ್‌ಚೇಂಜಿನ ಸಾಮಾನು ತಂದು, ರಿಲೇಗಳನ್ನು ಜೋಡಿಸಿ, ಒಂದೇ ಹೊತ್ತಿನಲ್ಲಿ ಹಲವು ರೈಲು ಓಡಿಸುವ ವ್ಯವಸ್ಥೆ ಕಟ್ಟಿದರು. ಅಂಥ ಜಾಣ ಕೈಚಳಕಕ್ಕೆ ಆ ಹುಡುಗರು ಹ್ಯಾಕ್ ಅಂತ ಕರೆದರು. ಮಾಡಿದವನು ಹ್ಯಾಕರ್. 1959ರಲ್ಲಿ ಪೀಟರ್ ಸ್ಯಾಮ್ಸನ್ ಎಂಬ ಸದಸ್ಯ ಕ್ಲಬ್ಬಿನ ಪದಗಳಿಗೆ ಒಂದು ನಿಘಂಟನ್ನೇ ಬರೆದ. ಮುಂದೆ ವಿಶ್ವವಿದ್ಯಾಲಯಕ್ಕೆ ಕಂಪ್ಯೂಟರ್ ಬಂದಾಗ ರಾತ್ರಿಯಿಡೀ ಅದರ ಮುಂದೆ ಕೂತವರಲ್ಲಿ ಇದೇ ರೈಲಿನ ಹುಡುಗರು ಮುಂದೆ. 1962ರಲ್ಲಿ ರೂಪುಗೊಂಡ ಸ್ಪೇಸ್‌ವಾರ್ ಎಂಬ ಕಂಪ್ಯೂಟರ್ ಆಟದ ಹಿಂದೆಯೂ ಈ ಬಳಗ ಇದೆ. ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಿ ಇವತ್ತು ಹ್ಯಾಕಥಾನ್ ಅಂತ ಬ್ಯಾನರ್ ಕಟ್ತಾರಲ್ಲ, ಆ ಪದ ನಡೆಯಲು ಕಲಿತದ್ದು ಒಂದು ಪುಟ್ಟ ರೈಲಿನ ಮೇಜಿನ ಕೆಳಗೆ!

ಬಾಯಿ ಮುಚ್ಚಿಸುವ ಉತ್ತರ ಸಿಕ್ಕಿತಲ್ಲ? ಆದರೆ ನಿಜ ಹೇಳ್ತೀನಿ, ನನಗೆ ಆ ಉತ್ತರ ಪೂರ್ತಿ ಇಷ್ಟ ಇಲ್ಲ. ಕಂಪ್ಯೂಟರ್ ಬರದೇ ಇದ್ದಿದ್ದರೆ ಆ ಹುಡುಗರ ರೈಲು ವ್ಯರ್ಥ ಆಗಿಬಿಡ್ತಿತ್ತಾ? ಹಾಡುಗಾರ ರಾಡ್ ಸ್ಟೀವರ್ಟ್ ಇದ್ದಾನಲ್ಲ, ಕೋಟಿಗಟ್ಟಲೆ ದುಡಿದ ರಾಕ್ ತಾರೆ, ಇಪ್ಪತ್ತಕ್ಕೂ ಹೆಚ್ಚು ವರ್ಷ ತೆಗೆದುಕೊಂಡು ಒಂದು ನಗರ, ಅದರ ರೈಲ್ವೆ ಕಟ್ಟಿದ್ದಾನೆ. ಊರೂರು ಸುತ್ತಿ ಹಾಡುವಾಗಲೂ ಹೋಟೆಲಿನಲ್ಲಿ ಒಂದು ಹೆಚ್ಚುವರಿ ಕೋಣೆ ತೆಗೆದುಕೊಂಡು ಅಲ್ಲಿ ಕೂತು ಪುಟ್ಟ ಕಟ್ಟಡ ಮಾಡ್ತಿದ್ದ. ಅವನಿಗೆ ಇದರಿಂದ ಏನು ಸಿಗಬೇಕಿತ್ತು? ದುಡ್ಡಾ? ಹೆಸರಾ? ಎರಡೂ ಬೇಕಾದಷ್ಟಿತ್ತು. ಮನುಷ್ಯನಿಗೆ ಯಾರೂ ಅಪ್ಪಣೆ ಕೊಡದ, ಯಾರೂ ಸಂಬಳ ಕೊಡದ ಒಂದು ಕೆಲಸ ಬೇಕು. ಅದು ಇದ್ದರೆ ಆತ ತನಗೆ ತಾನು ಸಿಗ್ತಾನೆ.

ಕೊನೆಗೆ ನನ್ನ ಬಾಲ್ಯದ ಒಂದು ಮಾತು ಹೇಳಿ ಮುಗಿಸ್ತೀನಿ. ನಮ್ಮ ಬೀದಿಯಲ್ಲಿ ಒಬ್ಬ ಹಿರಿಯರಿದ್ದರು. ಮಣ್ಣಿನ ಗೊಂಬೆ ಮಾಡ್ತಿದ್ದರು. ಅವರು ಹಾಕುವ ಬಣ್ಣಕ್ಕೆ ಒಂದು ಹೊಳಪಿರುತ್ತಿತ್ತು, ಬೇರೆ ಯಾರ ಕೈಗೂ ಬರುತ್ತಿರಲಿಲ್ಲ. ಏನು ಬೆರೆಸ್ತೀರಿ ತಾತ ಅಂತ ಕೇಳಿದರೆ ನಗ್ತಿದ್ದರು. ಮಗ ಕೇಳಿದಾಗಲೂ ನಕ್ಕರಂತೆ. ಒಂದು ದಿನ ಹೋಗಿಬಿಟ್ಟರು. ಅವರ ಮನೆಗೆ ಬೆಂಕಿ ಬೀಳಲಿಲ್ಲ, ಗೊಂಬೆಗಳು ಚೆನ್ನಾಗಿಯೇ ಇದ್ದವು. ಆದರೆ ಆ ಹೊಳಪಿನ ಇನ್ನೊಂದು ಗೊಂಬೆ ಮತ್ತೆ ಹುಟ್ಟಲಿಲ್ಲ. ಅವರನ್ನು ನಾನು ಬೈಯಲ್ಲ. ಅದು ಅವರ ಅನ್ನದ ಗುಟ್ಟಾಗಿತ್ತು. ಹೇಳಿಬಿಟ್ಟರೆ ನಾಳೆ ಒಲೆ ಉರಿಯುತ್ತೋ ಇಲ್ಲವೋ ಅನ್ನೋ ಭಯ ಅವರಿಗಿತ್ತು. ಜಾನ್ ಅಲೆನ್‌ಗೆ ಆ ಭಯ ಇರಲಿಲ್ಲ. ರೈಲು ಆತನ ಅನ್ನವಾಗಿರಲಿಲ್ಲ. ಆದರೆ ನಮ್ಮಲ್ಲಿ ಅನ್ನದ ಭಯ ಇಲ್ಲದವರೂ ಗುಟ್ಟು ಬಿಡೋದಿಲ್ಲವಲ್ಲ, ಅದು ನನಗೆ ನೋವು. ಸಂಗೀತಗಾರ, ಅಡುಗೆಯವರು, ನಾಟಿ ವೈದ್ಯರು, ಕಚೇರಿಯ ಹಿರಿಯ ಗುಮಾಸ್ತ, ನಮ್ಮ ಸುದ್ದಿಮನೆಯ ಹಿರಿಯರು. ನನ್ನನ್ನೂ ಸೇರಿಸಿಕೊಂಡೇ ಹೇಳ್ತಾ ಇದ್ದೀನಿ.

ನಾನು ಮಾಡುವ ಕೆಲಸದಲ್ಲಿ ಪ್ರತಿ ರಾತ್ರಿ ಒಂದು ಲೋಕ ಕಟ್ಟುತ್ತೇವೆ. ಒಂಬತ್ತು ಗಂಟೆಗೆ ಅದು ಜಗತ್ತಿನಲ್ಲೇ ಅತಿ ಮುಖ್ಯ. ಬೆಳಗ್ಗೆ ಹೊತ್ತಿಗೆ ಬೂದಿ. ಯಾರಿಗೂ ನೆನಪಿರೋದಿಲ್ಲ. ಹಾಗಾದರೆ ಉಳಿಯೋದು ಏನು? ಪಕ್ಕದಲ್ಲಿ ಕೂತಿರುವ ಹೊಸ ಹುಡುಗಿಗೆ ಒಂದು ವಾಕ್ಯ ಹೇಗೆ ತಿದ್ದಬೇಕು ಅಂತ ತೋರಿಸಿಕೊಟ್ಟರೆ, ಅದು ಉಳಿಯುತ್ತೆ.

ನಿಮ್ಮ ಕೈಯಲ್ಲೂ ಏನೋ ಒಂದಿದೆ. ಉಪ್ಪಿನಕಾಯಿ ಹದ ಇರಬಹುದು, ಹಳೇ ರೇಡಿಯೋ ರಿಪೇರಿ ಇರಬಹುದು, ಮಲ್ಲಿಗೆ ಬಳ್ಳಿ ಹಬ್ಬಿಸೋದಿರಬಹುದು. ಈ ವಾರ ಅದನ್ನು ಒಬ್ಬರಿಗಾದರೂ ಹೇಳಿಕೊಡಿ.